ಚಳಿಯ ಲೆಕ್ಕ ಕಲಿಸಿದ ಶಿರಾಜ್ ಬಳ್ಳಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದಲ್ಲಿ, ಉಮದಿಯ ಹತ್ತಿರ ನಮ್ಮ ಹೊಲ. ಹೊಲದ ಉತಾರೆ (ಪಹಣಿ) ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಮಾಲು ಮಾರುವುದು ಸಾಂಗ್ಲಿ, ತಾಸಗಾಂವದಲ್ಲಿ. ಬೀಗರೆಲ್ಲ ವಿಜಯಪುರದ ಕಡೆ. ಮಳೆ ಕಡಿಮೆಯ ನಾಡು. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಬೇಸಿಗೆಗಳು ನನ್ನ ಲೆಕ್ಕದ ಪುಸ್ತಕದಲ್ಲಿ ನಾಲ್ಕಿವೆ. ಆದರೆ ನಾನು ಬರೆಯಬೇಕೆಂದಿರುವುದು ನೀರಿನ ಬಗ್ಗೆ ಅಲ್ಲ, ಚಳಿಯ ಬಗ್ಗೆ. ದ್ರಾಕ್ಷಿ ಬೆಳೆಯುವ ನಮ್ಮವರು ಮಳೆಗೆ ಹೆದರುವಷ್ಟು ಚಳಿಗೆ ಹೆದರುವುದಿಲ್ಲ. ನಾನೂ ಹೆದರುತ್ತಿರಲಿಲ್ಲ.

2006ರಲ್ಲಿ ಒಂದು ಎಕರೆಯಲ್ಲಿ ಶಿರಾಜ್ ಹಚ್ಚಿದೆ. ಅದು ವೈನ್ ಮಾಡುವ ಕಪ್ಪು ದ್ರಾಕ್ಷಿ. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ವೈನ್ ಉದ್ಯಮಕ್ಕೆ ರಿಯಾಯಿತಿಗಳ ನೀತಿ ತಂದಿತ್ತು. ನಮ್ಮ ಜಿಲ್ಲೆಯ ಪಲೂಸ್‌ನಲ್ಲಿ ವೈನ್ ಪಾರ್ಕ್ ಆಗಿತ್ತು. ಒಂದು ವೈನರಿಯವರು ಕರಾರು ಮಾಡಿಕೊಂಡರು. ಎಂಟು ಅಡಿಗೆ ಸಾಲು, ನಾಲ್ಕು ಅಡಿಗೆ ಬಳ್ಳಿ, ಒಟ್ಟು ಸುಮಾರು 1,300. ಅಪ್ಪ ಬದುವಿನ ಮೇಲೆ ನಿಂತು, "ತಿನ್ನಲು ಬರುವುದಿಲ್ಲ, ಒಣಗಿಸಲು ಬರುವುದಿಲ್ಲ. ಒಬ್ಬನೇ ಗಿರಾಕಿಯನ್ನು ನಂಬಿ ಹಚ್ಚುತ್ತಿದ್ದೀಯಲ್ಲ ತಮ್ಮಾ" ಎಂದರು. ಆ ಮಾತಿಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ.

ವೈನರಿಯಿಂದ ಬರುತ್ತಿದ್ದ ತಾಂತ್ರಿಕ ಸಿಬ್ಬಂದಿಯೊಬ್ಬರು ಮೊದಲ ಭೇಟಿಯಲ್ಲೇ ಹೇಳಿದ ಮಾತೊಂದು ತಲೆಯಲ್ಲಿ ನಾಟಿತು. ಚಳಿ ದೇಶಗಳಲ್ಲಿ ದ್ರಾಕ್ಷಿ ಹಣ್ಣಾಗುವುದು ಚಳಿ ಬರುತ್ತಿರುವಾಗ, ನಮ್ಮಲ್ಲಿ ಹಣ್ಣಾಗುವುದು ಚಳಿ ಹೋಗುತ್ತಿರುವಾಗ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು. ಆಮೇಲೆ ಎಲೆ ಉದುರಿಸಿ ಬಳ್ಳಿ ತಾನೇ ಮಲಗುತ್ತದೆ. ಚೀನಾದ ನಿಂಗ್ಶಿಯಾದಲ್ಲಿ ಚಳಿಗಾಲಕ್ಕೆ ಬಳ್ಳಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳುತ್ತಾರೆ. ವಸಂತದಲ್ಲಿ ಮತ್ತೆ ತೆಗೆಯುತ್ತಾರೆ. ಅಂಥ ಕಡೆ ರೈತನ ಚಿಂತೆ ಸಕ್ಕರೆ ಸಾಲದು, ಹುಳಿ ಹೆಚ್ಚು ಎಂಬುದು. ನಮ್ಮ ಚಿಂತೆ ತಿರುವುಮುರುವು. ಸಕ್ಕರೆ ತಾನಾಗಿ ಏರುತ್ತದೆ, ಹುಳಿ ಬಿಸಿಲಿಗೆ ಕರಗಿಹೋಗುತ್ತದೆ. ಹಣ್ಣಿನಲ್ಲಿ ಹುಳಿ ಉಳಿಸುವುದು ರಾತ್ರಿಯ ತಂಪು.

ನಮ್ಮ ಬಳ್ಳಿ ಎಂದೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್‌ನಲ್ಲಿ ಒಮ್ಮೆ ಸವರಿ ಹೊಸ ಕಡ್ಡಿ ಬೆಳೆಸುತ್ತೇವೆ. ಮುಂದಿನ ಬೆಳೆಯ ಗೊನೆ ಆ ಕಡ್ಡಿಯ ಕಣ್ಣಿನೊಳಗೆ (ಚಿಗುರುವ ಮೊಗ್ಗಿನೊಳಗೆ) ಆಗಲೇ ಕಟ್ಟುತ್ತದೆ. ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಸವರಿ ಬಳ್ಳಿ ಹಣ್ಣು ಬಿಡುವಂತೆ ಮಾಡುತ್ತೇವೆ. ಎರಡನೆಯ ಚಾಟ್ನಿಯ ತಾರೀಕು ಆರಿಸುವುದಕ್ಕಿಂತ ದೊಡ್ಡ ನಿರ್ಧಾರ ದ್ರಾಕ್ಷಿ ಬೆಳೆಗಾರನಿಗೆ ಮತ್ತೊಂದಿಲ್ಲ ಎಂದು ನಾನು ನಂಬುತ್ತೇನೆ. ಗೊಬ್ಬರ ತಪ್ಪಿದರೆ ಸರಿಪಡಿಸಬಹುದು, ತಾರೀಕು ತಪ್ಪಿದರೆ ಆ ವರ್ಷ ಮುಗಿಯಿತು.

ಅದನ್ನು ನಾನು ಕಲಿತದ್ದು ಕಳೆದುಕೊಂಡು. ಎರಡನೆಯ ಬೆಳೆಯ ವರ್ಷ ಚಾಟ್ನಿ ಮಾಡುವ ಆಳುಗಳು ತಾಸಗಾಂವದ ಕಡೆ ಹೋಗಿಬಿಟ್ಟಿದ್ದರು. ನವೆಂಬರ್ ಮೂರನೆಯ ವಾರದವರೆಗೆ ಕಾದೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಪಾದಯಾತ್ರೆ ಹೊರಟವರು ನಮ್ಮ ರಸ್ತೆಯಲ್ಲಿ ಕಂಬಳಿ ಹೊದ್ದು ನಡೆಯುತ್ತಿದ್ದರು, ನಾನು ಕತ್ತರಿ ಹಿಡಿದು ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಇದ್ದೆ. ಚಾಟ್ನಿಯಾದ ಮರುದಿನ ಕಣ್ಣು ಎಬ್ಬಿಸಲು ಹೈಡ್ರೋಜನ್ ಸಯನಮೈಡ್ ಹಚ್ಚಿದೆವು. ಚಳಿ ದೇಶದಲ್ಲಿ ಚಳಿಗಾಲ ಮಾಡುವ ಕೆಲಸವನ್ನು ನಮ್ಮಲ್ಲಿ ಈ ಔಷಧ ಮಾಡುತ್ತದೆ. ಲೀಟರ್ ನೀರಿಗೆ 30ರಿಂದ 40 ಮಿಲಿ. ಚಳಿ ಬಿದ್ದ ಮೇಲೆ ಸವರಿದರೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಇದು ವಿಷ. ಕೈಗವಸು ಇಲ್ಲದೆ ಮುಟ್ಟಬಾರದು. ಹಚ್ಚಿದವರು ಆಮೇಲೆ ಕೆಲವು ದಿನ ಮದ್ಯ ಮುಟ್ಟಲೇಬಾರದು, ಮುಟ್ಟಿದರೆ ಮುಖ ಕೆಂಪಾಗಿ ಎದೆ ಬಡಿದುಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ಇದನ್ನು ಆಳುಗಳಿಗೆ ಪ್ರತಿ ವರ್ಷ ನಾನೇ ನಿಂತು ಹೇಳುತ್ತೇನೆ, ಕೂಲಿ ಕೊಡುವಾಗ ಮತ್ತೊಮ್ಮೆ ಹೇಳುತ್ತೇನೆ.

ಔಷಧ ಹಚ್ಚಿದರೂ ಕಣ್ಣು ಒಡೆದದ್ದು ಒಂದೊಂದು ಬಳ್ಳಿಯಲ್ಲಿ ಒಂದೊಂದು ದಿನ. ಒಂದೇ ಕಡ್ಡಿಯಲ್ಲಿ ತುದಿಯ ಚಿಗುರು ಗೇಣುದ್ದವಾಗಿದ್ದಾಗ ಬುಡದ ಕಣ್ಣು ಇನ್ನೂ ಮುಚ್ಚಿಕೊಂಡಿತ್ತು. ಹೂವು ಎರಡು ವಾರ ಹಿಂದೆ ಮುಂದೆ. ಕೊಯ್ಯುವಾಗ ಒಂದೇ ಬಳ್ಳಿಯಲ್ಲಿ ಕಪ್ಪು ಗೊನೆಯ ಪಕ್ಕದಲ್ಲಿ ಕೆಂಪು ಗೊನೆ. ಅಷ್ಟರಲ್ಲಿ ಮಾರ್ಚ್ ಕೊನೆ. ಬಿಸಿಲು ಏರಿ ಸಕ್ಕರೆ 25 ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ದಾಟಿತು, ಪಿಎಚ್ (ಅದು ಏರಿದಷ್ಟೂ ಹುಳಿ ಕಡಿಮೆ) 3.9ಕ್ಕೆ ಹೋಯಿತು. ಕೆಂಪು ವೈನಿಗೆ ಅವರು ಕೇಳುತ್ತಿದ್ದುದು ಸುಮಾರು 3.5. ವೈನರಿಯವರು ಗಾಡಿಯನ್ನು ತಿರುಗಿಸಿ ಕಳಿಸಲಿಲ್ಲ, ದರ ಮಾತ್ರ ಇಳಿಸಿದರು.

ಆ ವರ್ಷವೇ ಒಂದು ಕನಿಷ್ಠ–ಗರಿಷ್ಠ ಥರ್ಮಾಮೀಟರ್ ಕೊಂಡು ಮೂರನೆಯ ಸಾಲಿನ ಕಂಬಕ್ಕೆ ಕಟ್ಟಿದೆ. ದಿನಾ ಬೆಳಿಗ್ಗೆ ಓದಿ ಬರೆದಿಡುತ್ತೇನೆ. ನಮ್ಮ ಪಡ ತಗ್ಗಿನಲ್ಲಿದೆ. ಚಳಿಗಾಳಿ ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ದಿಬ್ಬದ ಮೇಲಿನ ಮನೆಯಂಗಳದಲ್ಲಿ 12 ಡಿಗ್ರಿ ಇದ್ದ ದಿನ ಪಡದಲ್ಲಿ 9 ಕಂಡಿದ್ದೇನೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎಲೆಯ ಮೇಲಿನ ಇಬ್ಬನಿ ಮಧ್ಯಾಹ್ನದವರೆಗೂ ಆರುವುದಿಲ್ಲ, ಡಾವಣಿ ರೋಗ (ಎಲೆ, ಗೊನೆಗೆ ತಗಲುವ ಬೂಷ್ಟು) ಅಲ್ಲಿಂದಲೇ ಶುರು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಬೇರು ಕೆಲಸ ನಿಧಾನ ಮಾಡುತ್ತದೆ, ಕಾಯಿ ಹಿಗ್ಗುವುದು ನಿಲ್ಲುತ್ತದೆ. ಕಾಯಿ ಮೆತ್ತಗಾಗುವ ಹೊತ್ತಿನಲ್ಲಿ ಚಳಿಯೂ ಬಿದ್ದು, ನಾವು ನೀರನ್ನೂ ಹೆಚ್ಚು ಬಿಟ್ಟರೆ ಸಿಪ್ಪೆ ಸೀಳುತ್ತದೆ. ಹಾಗಾಗಿ ಆ ವಾರಗಳಲ್ಲಿ ಡ್ರಿಪ್ ಅನ್ನು ನಸುಕಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಬಾವಿಯ ನೀರು ಗಾಳಿಗಿಂತ ಬೆಚ್ಚಗಿರುತ್ತದೆ.

ಆ ಬರಹದಿಂದ ನನ್ನ ಪಡಕ್ಕೆ ಸಿಕ್ಕ ತಾರೀಕು ಅಕ್ಟೋಬರ್ 5ರಿಂದ 15. ಅದಕ್ಕಿಂತ ಮೊದಲು ಸವರಿದರೆ ಹಿಂಗಾರಿ ಮಳೆ ಎಳೆ ಗೊನೆಗೆ ಡಾವಣಿ ರೋಗ ತರುತ್ತದೆ. ಅದಕ್ಕಿಂತ ತಡವಾದರೆ ಚಳಿ ಕಣ್ಣನ್ನು ಹಿಡಿಯುತ್ತದೆ. ದಿಬ್ಬದ ಮೇಲಿನವರ ತಾರೀಕು ಬೇರೆ. ಅವರವರ ಕಂಬಕ್ಕೆ ಅವರವರೇ ಥರ್ಮಾಮೀಟರ್ ಕಟ್ಟಿ ನೋಡಬೇಕು.

ತಾರೀಕು ಸರಿಯಾಗುವ ಹೊತ್ತಿಗೆ ಗಿರಾಕಿ ಹೋದ. 2010ರ ಕೊಯ್ಲಿಗೆ ಹದಿನೈದು ದಿನವಿದ್ದಾಗ ವೈನರಿಯವರು ಫೋನ್ ಮಾಡಿ, ತೊಟ್ಟಿಯಲ್ಲಿ ಹಳೆಯ ವೈನೇ ಉಳಿದಿದೆ, ಈ ಸಲ ಹಣ್ಣು ಬೇಡ ಎಂದರು. ಆ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಹಲವು ವೈನರಿಗಳು ಕೊಳ್ಳುವುದನ್ನು ನಿಲ್ಲಿಸಿದ್ದವು; ವೈನ್ ದ್ರಾಕ್ಷಿ ಕಿತ್ತು ಹಾಕಿದವರು ಎಷ್ಟೋ ಜನ. ನನ್ನ ಜೀವನದ ಅತಿ ಒಳ್ಳೆಯ ಶಿರಾಜ್ ಅದು: 23.5 ಬ್ರಿಕ್ಸ್, ಪಿಎಚ್ 3.55. ಬಳ್ಳಿಯಲ್ಲೇ ಬಿಟ್ಟೆ. ಹಕ್ಕಿಗಳು ಬಂದವು. ಮನೆಯಲ್ಲೇ ವೈನ್ ಮಾಡು ಎಂದವರಿದ್ದರು. ಪರವಾನಗಿ ಇಲ್ಲದೆ ಅದಕ್ಕೆ ಕೈ ಹಾಕುವವನಲ್ಲ ನಾನು. ಇನ್ನೊಂದು ಕಾರಣವೂ ಇತ್ತು. ಹುದುಗುವ ರಸ ತಾನೇ ಬಿಸಿಯಾಗುತ್ತದೆ. ಕೆಂಪು ವೈನಿಗೆ 25ರಿಂದ 30 ಡಿಗ್ರಿ ಹಿತ. 35 ದಾಟಿದರೆ ಈಸ್ಟ್ ಸೊರಗಿ ಹುದುಗು ಅರ್ಧಕ್ಕೆ ನಿಲ್ಲುತ್ತದೆ. ವೈನರಿಯ ಉಕ್ಕಿನ ತೊಟ್ಟಿಗಳ ಸುತ್ತ ತಣ್ಣೀರು ಹರಿಯುವುದನ್ನು ಕಂಡಿದ್ದೆ. ಮಾರ್ಚ್ ತಿಂಗಳ ಉಮದಿಯಲ್ಲಿ ಆ ತಂಪನ್ನು ಎಲ್ಲಿಂದ ತರುವುದು?

ಬಳ್ಳಿ ಕೀಳಲು ಅಪ್ಪನೇ ಬಿಡಲಿಲ್ಲ. "ಬೇರು ನೆಲ ಹಿಡಿದಿದೆ, ತಲೆ ಬದಲಿಸು" ಎಂದರು. ಏಪ್ರಿಲ್‌ನಲ್ಲಿ ಕಾಂಡ ಕತ್ತರಿಸಿ, ಬಂದ ಚಿಗುರಿಗೆ ಸೆಪ್ಟೆಂಬರ್‌ನಲ್ಲಿ ತಾಸ್-ಎ-ಗಣೇಶ್ ಕಸಿ ಕಟ್ಟಿದೆವು. ನಮ್ಮ ಜಿಲ್ಲೆಯ ಬೋರಗಾಂವದಲ್ಲೇ ಥಾಮ್ಸನ್ ಸೀಡ್‌ಲೆಸ್‌ನಿಂದ ಆಯ್ದು ತೆಗೆದ ತಳಿ ಅದು. ಒಣದ್ರಾಕ್ಷಿಗೆ ಹೇಳಿ ಮಾಡಿಸಿದ್ದು.

ಒಣದ್ರಾಕ್ಷಿಗೂ ವೈನಿನ ಪಾಠವೇ ನೆರವಾಯಿತು. ಸುತ್ತಲಿನವರು ಆಗ ನಾಲಿಗೆಯ ರುಚಿಯ ಮೇಲೆ ಕೊಯ್ಯುತ್ತಿದ್ದರು. ನಾನು ವೈನಿಗೆಂದು ಕೊಂಡ ಬ್ರಿಕ್ಸ್ ಅಳೆಯುವ ಉಪಕರಣ ಹಿಡಿದು ಸಾಲು ಸಾಲು ನೋಡಿದೆ. 18ರಲ್ಲಿ ಕೊಯ್ದರೆ ಒಂದು ಕಿಲೋ ಮನೂಕಕ್ಕೆ (ಒಣದ್ರಾಕ್ಷಿಗೆ) ಐದು ಕಿಲೋ ಹಣ್ಣು ಬೇಕು. 23ಕ್ಕೆ ಬಿಟ್ಟರೆ ನಾಲ್ಕು ಸಾಕು. ಹಣ್ಣನ್ನು ಅದ್ದುವ ದ್ರಾವಣ ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಎರಡರಿಂದ ನಾಲ್ಕು ನಿಮಿಷ ಅದ್ದಿದರೆ ಸಿಪ್ಪೆಯ ಮೇಣದ ತಡೆ ಸಡಿಲಾಗಿ ನೀರು ಹೊರಗೆ ಬರುತ್ತದೆ. ಆಮೇಲೆ ನೆರಳುಬಲೆಯ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರಡಿ ಎರಡು ವಾರ.

ಇಲ್ಲೂ ಚಳಿ ಬಿಡುವುದಿಲ್ಲ. ಒಂದು ವರ್ಷ ದುಡ್ಡಿನ ಅವಸರಕ್ಕೆ ಜನವರಿ ಕೊನೆಯಲ್ಲೇ ಶೆಡ್ ತುಂಬಿಸಿದೆ. ಹಗಲು ಒಣಗಿದ್ದು ರಾತ್ರಿ ಇಬ್ಬನಿಗೆ ಮತ್ತೆ ಮೆತ್ತಗಾಯಿತು. ಹದಿನಾಲ್ಕು ದಿನದ ಕೆಲಸ ಇಪ್ಪತ್ತೈದು ದಿನ ಹಿಡಿಯಿತು. ಹಸಿರಾಗಿ ಇಳಿಯಬೇಕಾದ ಮಾಲು ಕಂದಾಗಿ ಇಳಿಯಿತು. ತಾಸಗಾಂವದ ಹರಾಜಿನಲ್ಲಿ ಹಸಿರಿಗೂ ಕಂದಿಗೂ ಇರುವ ದರದ ಅಂತರವನ್ನು ನಾನು ಹೇಳಬೇಕಾಗಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರೆ. ಅದು ಹೊರಟ ಸುಳಿವು ಸಿಕ್ಕ ಮೇಲೆಯೇ ಈಗ ನಾನು ಮೊದಲ ಬುಟ್ಟಿ ಅದ್ದುವುದು. ಮಾರ್ಚ್‌ನ ಅಕಾಲಿಕ ಮಳೆಯ ಭಯ ಇದ್ದೇ ಇದೆ, ಶೆಡ್ಡಿನ ಪಕ್ಕದ ಪರದೆಗಳನ್ನು ಮಡಚಿ ಸಿದ್ಧವಾಗಿಟ್ಟಿರುತ್ತೇನೆ.

ಬದುವಿನ ಕಡೆಯ ಒಂದು ಸಾಲಿನಲ್ಲಿ ಶಿರಾಜ್ ಹಾಗೆಯೇ ಇದೆ, ಇಪ್ಪತ್ತಾರು ಬಳ್ಳಿ. ತಾಸ್-ಎ-ಗಣೇಶ್ ಹಸಿರು ತಳಿ. ಕಾಯಿ ಹಣ್ಣಿಗೆ ತಿರುಗುವುದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಎರಡನ್ನೂ ಒಂದೇ ದಿನ ಸವರುತ್ತೇನೆ. ಶಿರಾಜ್ ಗೊನೆಯಲ್ಲಿ ಮೊದಲ ಕಾಳು ಕೆಂಪಾದ ದಿನ ಇಡೀ ಪಡಕ್ಕೆ ನೀರು ಕಡಿಮೆ ಮಾಡುತ್ತೇನೆ. ಈ ವರ್ಷ ಅದು ಸಂಕ್ರಾಂತಿಯ ಹಿಂದಿನ ದಿನ ಬಣ್ಣ ತಿರುಗಿತು. ಕಂಬದ ಥರ್ಮಾಮೀಟರ್ 11 ತೋರಿಸುತ್ತಿತ್ತು. ಡ್ರಿಪ್ ವಾಲ್ವ್ ಅರ್ಧಕ್ಕೆ ತಿರುಗಿಸಿ, ತಾರೀಕು ಬರೆದಿಟ್ಟು ಮನೆಗೆ ಬಂದೆ.