ಬೋರಿಗೆ ಪ್ರೆಷರ್ ಕೊಡಿಸಿದ ಮೇಲೆ ಗ್ಯಾಸ್ ಫ್ರಾಕಿಂಗ್ ಬಗ್ಗೆ ನನ್ನ ಲೆಕ್ಕಾಚಾರ

ಫ್ರಾಕಿಂಗ್, ಅಂದರೆ ಒತ್ತಡದಲ್ಲಿ ನೀರು ನುಗ್ಗಿಸಿ ನೆಲದಾಳದ ಕಲ್ಲಿನಲ್ಲಿ ಬಿರುಕು ಬಿಡಿಸುವುದು ಅಂದ ಕೂಡಲೇ ಎಲ್ಲರಿಗೂ ಅಮೆರಿಕವೇ ನೆನಪಾಗುತ್ತದೆ. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟದವರೂ ಬತ್ತಿದ ಬೋರಿಗೆ ಪ್ರೆಷರ್ ಕೊಡಿಸುತ್ತಾರೆ ಅಲ್ವಾ, ಅದೂ ಇದೇ ಕೆಲಸ. ಅಲ್ಲಿ ಗ್ಯಾಸಿಗಾಗಿ, ಇಲ್ಲಿ ನೀರಿಗಾಗಿ. ಕಳೆದ ಬೇಸಗೆಯಲ್ಲಿ ನಾನೂ ಮಾಡಿಸಿದೆ.

ನಮ್ಮಲ್ಲಿ ಮೇಲೆ ಮುರಕಲ್ಲು, ಅದರಡಿ ಜೇಡಿ, ಆಮೇಲೆ ಗಟ್ಟಿ ಕರಿಕಲ್ಲು. ಬೋರಿನ ನೀರೆಲ್ಲ ಆ ಕಲ್ಲಿನ ಬಿರುಕಿನಿಂದಲೇ ಬರಬೇಕು. ವರ್ಷ ಹೋದಂತೆ ಬಿರುಕಿಗೆ ಕೆಸರು ಕಟ್ಟಿಕೊಳ್ಳುತ್ತದೆ. ನನ್ನ ಬೋರು ಅರ್ಧ ಇಂಚಿಗೆ ಇಳಿದಿತ್ತು. ಹೊಸದು ಕೊರೆಸಿದರೆ ನೀರು ಸಿಕ್ಕೇ ಸಿಗುತ್ತದೆ ಅಂತ ಯಾರು ಹೇಳುತ್ತಾರೆ?

ತಮಿಳುನಾಡಿನ ಹುಡುಗರು ಗಾಡಿ ತಂದರು. ಮೊದಲು ಪಂಪು ಎತ್ತಿ, ಪೈಪಿನ ತುದಿಗೆ ಪ್ಯಾಕರ್ ಕಟ್ಟಿ ಇಳಿಸಿದರು. ದಪ್ಪ ರಬ್ಬರಿನ ಕೊಳವೆ ಅದು. ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಬೋರಿಗೆ ಇಳಿಸಿದ ಪೈಪು) ದಾಟಿ ಗಟ್ಟಿ ಕಲ್ಲು ಸಿಕ್ಕಿದ ಮೇಲೆ ಅದನ್ನು ಉಬ್ಬಿಸಿ ಬೋರಿಗೆ ಬಿರಡೆ ಹಾಕುತ್ತಾರೆ. ಆಮೇಲೆ ಕೆಳಗಿನ ಭಾಗಕ್ಕೆ ಟ್ಯಾಂಕರ್ ನೀರನ್ನು ಜೋರಾಗಿ ನುಗ್ಗಿಸುವುದು. ಒತ್ತಡ ತೋರಿಸುವ ಗೇಜಿನ ಮುಳ್ಳು ಏರುತ್ತಾ ಏರುತ್ತಾ ನೂರು ಕೇಜಿ ದಾಟಿತು. ಅಲ್ಲೇ ಸ್ವಲ್ಪ ಹೊತ್ತು ನಡುಗಿ, ಫಕ್ಕನೆ ಕೆಳಗೆ ಬಿತ್ತು. 'ಓಪನ್ ಆಯ್ತು ಸಾರ್' ಅಂದ ಹುಡುಗ. ಮುಳ್ಳು ಬಿದ್ದರೆ ಬಿರುಕು ಬಾಯಿ ಬಿಟ್ಟಿದೆ ಅಂತ ಅರ್ಥ. ಬೀಳದೆ ಹೋದರೆ ದುಡ್ಡು ದಂಡ, ಎಲ್ಲ ಬೋರಿನಲ್ಲೂ ಇದು ಫಲ ಕೊಡುವುದಿಲ್ಲ. ನನ್ನದರಲ್ಲಿ ಕೊನೆಗೆ ಒಂದೂವರೆ ಇಂಚು ಬಂತು.

ಆದರೆ ಒಂದು ಕೆಲಸ ಮೊದಲೇ ಮಾಡಿಟ್ಟಿದ್ದೆ. ಸುತ್ತಲಿನ ಮನೆಗಳ ಬಾವಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಬೋರು ಎಲ್ಲದರ ನೀರಿನ ಮಟ್ಟ ಬರೆದು, ಬಾಟಲಿಯಲ್ಲಿ ನೀರು ಹಿಡಿದು, ತಾರೀಕು ಬರೆದ ಚೀಟಿ ಅಂಟಿಸಿದ್ದೆ. ಕೆಳಗಿನ ಮನೆಯ ಅಕ್ಕ 'ಇದೆಲ್ಲ ಎಂತಕ್ಕೆ?' ಅಂತ ನಕ್ಕರು. ಪ್ರೆಷರ್ ಕೊಟ್ಟ ಮೇಲೆ ಅವರ ಬೋರಿನಲ್ಲಿಯೇ ಒಂದೆರಡು ದಿನ ಕಲಕು ನೀರು ಬಂತು. ಅಂದರೆ ಎರಡು ಬೋರಿಗೂ ಒಳಗಿಂದೊಳಗೆ ಸಂಬಂಧ ಇದೆ. ನನ್ನ ಲಾಭ ಅವರ ನಷ್ಟ ಆಗಲೂಬಹುದು, ಹಾಗಾಗಿ ಅವರ ಮಟ್ಟ ಈಗಲೂ ಅಳೆಯುತ್ತಿದ್ದೇನೆ. ತೆರೆದ ಬಾವಿಗಳಿಗೆ ಮಾತ್ರ ಏನೂ ಆಗಲಿಲ್ಲ, ಕೇಸಿಂಗ್ ಗಟ್ಟಿ ಇತ್ತು.

ಗ್ಯಾಸ್ ಫ್ರಾಕಿಂಗಿನ ಜಗಳವೂ ಇಂಥ ಮೊದಲಿನ ಲೆಕ್ಕದ ಮೇಲೆಯೇ ಇರುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಡಿಮಾಕ್‌ ಊರಿನಲ್ಲಿ ಮನೆಬಾವಿಗಳಿಗೆ ಮೀಥೇನ್ (ಈ ಗ್ಯಾಸಿನ ಮುಖ್ಯ ಅಂಶ) ಬಂದಾಗ, ಅದು ಮೊದಲೇ ಇತ್ತೋ ಕೊರೆದ ಮೇಲೆ ಬಂತೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಗ್ಯಾಸ್ ಅಡಗಿರುವ ಶೇಲ್ ಎಂಬ ಪದರ ಕಲ್ಲು ಸಾಮಾನ್ಯವಾಗಿ ಒಂದೆರಡು ಕಿಲೋಮೀಟರ್ ಆಳದಲ್ಲಿರುತ್ತದೆ. ಅಲ್ಲಿ ಒಡೆದ ಬಿರುಕು ಕುಡಿಯುವ ನೀರಿನವರೆಗೆ ಏರಿ ಬರುವುದು ಅಪರೂಪ. ತೊಂದರೆ ಜಾಸ್ತಿ ಆಗುವುದು ಕೇಸಿಂಗ್ ಸುತ್ತ ಹಾಕಿದ ಸಿಮೆಂಟು ಸೋರಿದಾಗ, ಇಲ್ಲವೇ ಮೇಲೆ ಚೆಲ್ಲಿದಾಗ.

ಮತ್ತೆ ಅಳತೆ ನೋಡಿ. ನನಗೆ ಕೆಲವು ಟ್ಯಾಂಕರ್ ಬರೀ ನೀರು ಸಾಕಾಯಿತು. ಅಲ್ಲಿ ಒಂದು ಗ್ಯಾಸ್ ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು, ಬಿರುಕು ಮುಚ್ಚದಂತೆ ಮರಳು, ಜೊತೆಗೆ ಕೆಮಿಕಲ್. 'ಬರೀ ಅರ್ಧ ಪರ್ಸೆಂಟ್' ಅನ್ನುತ್ತಾರೆ. 2 ಕೋಟಿ ಲೀಟರಿಗೆ ಅರ್ಧ ಪರ್ಸೆಂಟ್ ಅಂದರೆ 1 ಲಕ್ಷ ಲೀಟರ್! ಅದರಲ್ಲಿ ಕೆಲವದರ ಹೆಸರು ಕಂಪನಿಯ ಗುಟ್ಟು ಅಂತ ಹೇಳುವುದೂ ಇಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರಿನವನು ನಾನು, ಹೆಸರು ಹೇಳದ ಕೆಮಿಕಲ್ಲಿಗೆ ಸುಮ್ನೆ ತಲೆಯಾಡಿಸಲು ನನ್ನಿಂದಾಗದು.

ಗ್ಯಾಸಿನ ಜೊತೆ ಉಪ್ಪು ನೀರೂ ಮೇಲೆ ಬರುತ್ತದೆ, ಅದನ್ನು ಎಲ್ಲಿ ಹಾಕುವುದು? ಅಮೆರಿಕದ ಒಕ್ಲಹೋಮಾದಲ್ಲಿ ಎಣ್ಣೆ, ಗ್ಯಾಸ್ ಬಾವಿಗಳ ಅಂಥ ನೀರನ್ನು ಮತ್ತೆ ಆಳಕ್ಕೆ ತುಂಬಿಸಿದರು. ಅದರಿಂದ ನೆಲ ನಡುಗತೊಡಗಿತು. 2015ರಲ್ಲಿ 3ಕ್ಕಿಂತ ಜಾಸ್ತಿ ತೀವ್ರತೆಯ ಭೂಕಂಪಗಳು 900ರ ಆಸುಪಾಸು ಆದವು, ಮೊದಲು ವರ್ಷಕ್ಕೆ ಒಂದೆರಡು ಆಗುತ್ತಿದ್ದ ಜಾಗ ಅದು. 2016ರಲ್ಲಿ ಅಲ್ಲಿನ ಪಾನಿ ಎಂಬ ಊರಿನ ಹತ್ತಿರ 5.8ರದ್ದೇ ಆಯಿತು.

ಲಾಭವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಲ್ಲಿದ್ದಲು ಬಿಟ್ಟು ಗ್ಯಾಸ್ ಉರಿಸಿದರೆ ಇಂಗಾಲದ ಹೊಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅಮೆರಿಕದ ಕರೆಂಟು ಉತ್ಪಾದನೆಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಆಗಿದೆ. ಆದರೆ ಮೀಥೇನ್ ಉರಿಯದೆ ಸೋರಿದರೆ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಪೈಪು, ವಾಲ್ವು ಸೋರಿದರೆ ಲಾಭ ಅಲ್ಲಿಗೇ ಹೋಯಿತು.

ಕಾಸರಗೋಡಿನ ಕರಿಕಲ್ಲಿನಲ್ಲಿ ಶೇಲ್ ಗ್ಯಾಸ್ ಇಲ್ಲ, ಆ ಭಯ ಬೇಡ. ನಮ್ಮ ಜಿಲ್ಲೆ ದಾಟಿ ಹೋಗುವ ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರಲ್ಲಿ ಉದ್ಘಾಟನೆಯಾಯಿತು, ಅದರಲ್ಲಿ ಹರಿಯುವುದು ಹಡಗಿನಲ್ಲಿ ಬಂದ ಗ್ಯಾಸ್. ಭಾರತ ಅಮೆರಿಕದಿಂದಲೂ ಗ್ಯಾಸ್ ಕೊಳ್ಳುತ್ತದೆ, ಅಲ್ಲಿ ತೆಗೆಯುವುದರಲ್ಲಿ ಮುಕ್ಕಾಲು ಪಾಲು ಶೇಲಿನದ್ದೇ. ಉರಿ ನಮಗೆ, ಕಲಕು ನೀರು ಯಾರಿಗೋ.

ಬೋರಿಗೆ ಪ್ರೆಷರ್ ಕೊಡಿಸುವವರು ಟ್ಯಾಂಕರಿನ ನೀರು ಎಲ್ಲಿಯದು ಅಂತ ವಿಚಾರಿಸಿ. ಕೆರೆಯದ್ದಾದರೆ ಅದರ ಕೊಳೆಯೂ ಬಿರುಕಿನೊಳಗೆ ಹೋಗುತ್ತದೆ. ನಾನು ಕೆಲಸ ಮುಗಿದ ಮೇಲೆ ಕಂಪ್ರೆಸರಿನಲ್ಲಿ ಕೆಸರು ಹೊರಗೆ ಹಾಕಿಸಿ, ಬ್ಲೀಚಿಂಗ್ ಪೌಡರ್ ಹಾಕಿ, ಆ ನೀರನ್ನೆಲ್ಲ ಪಂಪಿನಲ್ಲಿ ತೆಗೆದು ಚೆಲ್ಲಿದ ಮೇಲೆಯೇ ಅಡುಗೆಮನೆಯ ಪೈಪಿಗೆ ಜೋಡಿಸಿದ್ದು.