ಸಾವಿರದ ಎಂಟುನೂರರ ಸ್ಪಾಯ್ಲರ್, ಎರಡು ಸಲ ಅಂಟಿಸಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಫೆರಾರಿ ಅಲ್ಲ. 2010ರ ಹೋಂಡಾ ಸಿವಿಕ್, ಬಿಳಿ ಬಣ್ಣ, 1.8 ಲೀಟರ್ ಪೆಟ್ರೋಲ್ ಇಂಜಿನ್, ಸೆಕೆಂಡ್ ಹ್ಯಾಂಡ್. ಇದನ್ನು ಸ್ಪೋರ್ಟ್ಸ್ ಕಾರ್ ಅಂತ ಆರ್‌ಸಿಯಲ್ಲಿ ಯಾರೂ ಬರೆದಿಲ್ಲ. ಆದರೆ ಬೆಳಗಾವಿ ಟಿಳಕವಾಡಿಯ ನಮ್ಮ ಗಲ್ಲಿಯ ಹುಡುಗರು ಹಾಗೇ ಕರೆಯುತ್ತಾರೆ, ನಾನೂ ತಿದ್ದೋಕೆ ಹೋಗಿಲ್ಲ. ಮುಂದಿನಿಂದ ನೋಡಿದರೆ ಕಾರು ಇವತ್ತಿಗೂ ಚೂಪಾಗಿ ಕಾಣುತ್ತದೆ. ಹಿಂದಿನಿಂದ ನೋಡಿದರೆ ಮಾತ್ರ ಡಿಕ್ಕಿ ಬೋಳು ಬೋಳು. ಅದಕ್ಕೇ ಸ್ಪಾಯ್ಲರ್, ಅಂದರೆ ಡಿಕ್ಕಿಯ ಮೇಲೆ ಕೂರಿಸುವ ಆ ಪಟ್ಟಿಯ ಹುಚ್ಚು ಹತ್ತಿತು.

ಹುಡುಕಿದಾಗ ಎರಡು ಜಾತಿ ಸಿಕ್ಕವು. ಒಂದು, ಎರಡು ಕಾಲಿನ ಮೇಲೆ ನಿಲ್ಲುವ ಎತ್ತರದ ರೆಕ್ಕೆ, ಫೈಬರಿನದ್ದು. ಇನ್ನೊಂದು, ಡಿಕ್ಕಿಯ ಅಂಚಿಗೆ ತುಟಿ ಹಾಗೆ ಕೂರುವ ಲಿಪ್ ಸ್ಪಾಯ್ಲರ್, ಎಬಿಎಸ್ ಪ್ಲಾಸ್ಟಿಕ್. ರೆಕ್ಕೆ ಬೇಡ ಅಂದಿದ್ದಕ್ಕೆ ಕಾರಣ ಇದೆ. ಅದಕ್ಕೆ ಡಿಕ್ಕಿಗೆ ತೂತು ಕೊರೆಯಬೇಕು. ನಮ್ಮ ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ನನ್ನ ಗೆಳೆಯನೊಬ್ಬ ಬೇರೆ ಕಾರಿಗೆ ತೂತು ಕೊರೆಸಿ ರೆಕ್ಕೆ ಹಾಕಿಸಿದ್ದ, ತೂತಿನ ಅಂಚಿಗೆ ಬಣ್ಣ ಹಚ್ಚಲಿಲ್ಲ, ರಬ್ಬರ್ ವಾಷರ್ ಹಾಕಲಿಲ್ಲ, ಮುಂದಿನ ಮಳೆಗಾಲಕ್ಕೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕಾಲುವೆ ನೀರು ನಿಂತ ಹಾಗೆ ನೀರು. ಅದೂ ಅಲ್ಲದೆ ಸಿವಿಕ್ ಡಿಕ್ಕಿಯನ್ನು ಮೇಲೆ ಹಿಡಿದು ನಿಲ್ಲಿಸುವುದು ತಿರುಚಿದ ಎರಡು ಸ್ಪ್ರಿಂಗ್ ರಾಡ್. ಅದರ ಬಲ ಡಿಕ್ಕಿಯ ತೂಕಕ್ಕೆ ಲೆಕ್ಕ ಹಾಕಿ ಇಟ್ಟಿದ್ದು. ಮೇಲೆ ಭಾರದ ರೆಕ್ಕೆ ಕೂರಿಸಿದರೆ ಡಿಕ್ಕಿ ತೆಗೆದು ಬಗ್ಗಿದಾಗ ಬೆನ್ನ ಮೇಲೇ ಬೀಳುತ್ತದೆ. ಹಿಂದಿನ ಗಾಜಿನೊಳಗಿನ ಮೂರನೇ ಬ್ರೇಕ್ ಲೈಟಿಗೂ ರೆಕ್ಕೆ ಅಡ್ಡ ಬರಬಹುದು. ಹಾಗಾಗಿ ಲಿಪ್ಪೇ ಸಾಕು ಅಂತ 1,800 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ. ಬಣ್ಣ ಇಲ್ಲದ ಕಪ್ಪು ತುಂಡು, ಕೆಳಗೆ ಎರಡೂ ಕಡೆ ಅಂಟಿರುವ ಟೇಪ್ ಮೊದಲೇ ಅಂಟಿಸಿ ಕಳಿಸಿದ್ದರು.

ಅವ್ವ ಡಬ್ಬಿ ಬಿಚ್ಚಿದ್ದು ನೋಡಿ, "ಇದೇನೋ, ಕಾರಿಗೆ ಬಾಲಾ ಹಚ್ಚಾವಿದ್ದೀಯೇನ?" ಅಂದಳು. ತಮ್ಮ ಇನ್ನೂ ಮುಂದೆ ಹೋಗಿ, ಇದರಿಂದ ಕಾರು ಜೋರು ಓಡ್ತದೇನು ಅಂತ ಕೇಳಿದ. ಇಲ್ಲ. ಓಡುವುದಿಲ್ಲ. ಕಾರಿನ ಮೇಲಿಂದ ಹರಿದು ಬರುವ ಗಾಳಿ ಹಿಂದಿನ ಇಳಿಜಾರಿನಲ್ಲಿ ಇಳಿಯುವಾಗ ಡಿಕ್ಕಿಯನ್ನು ಮೇಲಕ್ಕೆ ಎಳೆಯುತ್ತದೆ. ಅಂಚಿನಲ್ಲಿ ಒಂದು ಸಣ್ಣ ಗೋಡೆ ಇಟ್ಟರೆ ಗಾಳಿ ಅಲ್ಲಿ ತಡೆದು, ಅದರ ಮುಂದೆ ಒತ್ತಡ ಜಾಸ್ತಿಯಾಗಿ, ಆ ಎಳೆತ ಕಡಿಮೆಯಾಗುತ್ತದೆ. ಗಾಳಿಯ ಹರಿವನ್ನು ಕೆಡಿಸುವುದೇ ಅದರ ಕೆಲಸ, ಹೆಸರೂ ಅದಕ್ಕೇ ಬಂದಿದ್ದು. 1961ರಲ್ಲಿ ಫೆರಾರಿಯ ರೇಸ್ ಕಾರಿನ ಮೇಲೆ ರೇಸ್ ಚಾಲಕ ರಿಚಿ ಗಿಂತರ್ ಇದನ್ನು ಪರೀಕ್ಷೆ ಮಾಡಿದ್ದ. 1972ರಲ್ಲಿ ಪೋರ್ಶೆ 911 ಕಾರಿನ ಹಿಂದೆ ಬಾತುಕೋಳಿ ಬಾಲದಂತಹದ್ದು ಬಂತು. 1998ರಲ್ಲಿ ಬಂದ ಮೊದಲ ಆಡಿ ಟಿಟಿಗೆ ಸ್ಪಾಯ್ಲರೇ ಇರಲಿಲ್ಲ. ಜರ್ಮನಿಯ ಹೆದ್ದಾರಿಗಳಲ್ಲಿ ಭಾರೀ ವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ ಕಂಪನಿಯೇ ಕಾರುಗಳನ್ನು ವಾಪಸ್ ಕರೆಸಿ ಡಿಕ್ಕಿಗೆ ಪುಟ್ಟ ಸ್ಪಾಯ್ಲರ್ ಹಾಕಿಕೊಟ್ಟಿತು. ಅಂದರೆ ವಸ್ತು ಸುಳ್ಳಲ್ಲ. ಆದರೆ ಗಾಳಿಯ ಬಲ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ, ವೇಗ ಅರ್ಧಕ್ಕಿಳಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗೆ ಕಾಯುತ್ತಾ ನಿಂತ ಕಾರಿಗೆ ಅದು ಏನು ಮಾಡೀತು? ನಾನು ಹಾಕಿಸಿದ್ದು ಚಂದಕ್ಕೆ. ಅಷ್ಟೇ.

ಬಂದ ದಿನವೇ ಟೇಪಿನ ಕಾಗದ ಬಿಚ್ಚದೆ ಸುಮ್ನೆ ಡಿಕ್ಕಿ ಮೇಲೆ ಇಟ್ಟು ನೋಡಿದೆ. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ, ಬಣ್ಣಕ್ಕೆ ಕೊಡುವ ಮೊದಲೇ ನೋಡಿ, ಬಣ್ಣ ಆದ ಮೇಲೆ ವಾಪಸ್ ತಗೊಳ್ಳುವವರು ಯಾರೂ ಇಲ್ಲ. ನಡುವೆ ಸರಿ ಕೂತಿತು, ಬಲಗಡೆ ಸರಿ, ಎಡ ಮೂಲೆಯಲ್ಲಿ ಸುಮಾರು 5 ಮಿಲಿಮೀಟರ್ ಸಂದು. ಅಗ್ಗದ ಮಾಲಿನ ಹಣೆಬರಹ ಇದು. ಅಚ್ಚಿನಿಂದ ತೆಗೆದು ಆರುವ ಮೊದಲೇ ಪೇರಿಸಿದರೋ, ಕೊರಿಯರಿನಲ್ಲಿ ಬಾಗಿತೋ. ಒತ್ತಿ ಹಿಡಿದರೆ ಕೂರುತ್ತದೆ, ಟೇಪ್ ಹಿಡಿದುಕೊಳ್ಳುತ್ತದೆ ಬಿಡು ಅನಿಸುತ್ತದೆ. ಆದರೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಹಗಲು ರಾತ್ರಿ ಮೇಲೇಳಲು ನೋಡುತ್ತಲೇ ಇರುತ್ತದೆ. ಟೇಪಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದೇ, ಗಾಳಿಯಲ್ಲ.

ಎಬಿಎಸ್ ಸುಮಾರು 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಚ್ಚಲಿನ ಹಂಡೆಯಲ್ಲಿ ನೀರು ಕುದಿಸಿ, ಆ ಮೂಲೆಯ ಮೇಲೆ ನಿಧಾನಕ್ಕೆ ಸುರಿದು, ಕೈಗೆ ಗ್ಲೌಸ್ ಹಾಕಿಕೊಂಡು ಬಗ್ಗಿಸಿ, ಬಗ್ಗಿಸಿದ ಹಾಗೇ ಹಿಡಿದು ತಣ್ಣೀರು ಹಾಕಿದೆ. ಮೂರು ಸಲ ಮಾಡಿದ ಮೇಲೆ ಸಂದು 1 ಮಿಲಿಮೀಟರಿಗೆ ಇಳಿಯಿತು. ಹೀಟ್ ಗನ್ ಇದ್ದವರು ಹುಷಾರು, ಒಂದೇ ಕಡೆ ಹಿಡಿದರೆ ಗುಳ್ಳೆ ಏಳುತ್ತದೆ. ಆಮೇಲೆ ಎಣ್ಣೆ ಜಿಡ್ಡು ಒರೆಸೋಣ ಅಂತ ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಗೊಂಡೆ. ಅದರಲ್ಲಿರುವುದು ಅಸಿಟೋನ್, ಎಬಿಎಸ್ ಅದರಲ್ಲಿ ಕರಗುತ್ತದೆ. ಒರೆಸಿದ ಜಾಗ ಬೆಲ್ಲದ ಪಾಕದ ಹಾಗೆ ಅಂಟಂಟಾಯಿತು. ಒಳಗಿನ ಭಾಗ, ಕಾಣುವುದಿಲ್ಲ, ಬಚಾವ್.

ಬಣ್ಣಕ್ಕೆ ಉದ್ಯಮಬಾಗ್ ಕಡೆ ಒಬ್ಬ ಹಳೇ ಪೇಂಟರ್ ಕಾಕಾ ಇದ್ದಾರೆ, ಅವರ ಹತ್ತಿರ ಹೋದೆ. ಬಣ್ಣದ ಕೋಡ್ ಬರೆದುಕೊಂಡು ಹೋಗಿದ್ದೆ, ಟಫೆಟಾ ವೈಟ್, ಎನ್‌ಎಚ್ 578 (ಹೆದ್ದಾರಿ ನಂಬರ್ ಅಲ್ಲ, ಹೋಂಡಾದ ಬಣ್ಣದ ನಂಬರ್). ಅವರು ಚೀಟಿ ನೋಡಲೂ ಇಲ್ಲ. "ಸಾಹೇಬ್ರ, ಗಾಡಿ ಹೊಸಾದಿದ್ದಾಗಿನ ಬಣ್ಣ ಇದು. ಈಗ ಬಿಸಲಾಗ ನಿಂತು ನಿಂತು ಹಳದಿ ತಿರುಗೇದ. ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಡ್ರಿ" ಅಂದರು. ಕೊಟ್ಟೆ. ಆ ಮುಚ್ಚಳಕ್ಕೇ ಬಣ್ಣ ಕಲಸಿ ಹೊಂದಿಸಿದರು. ಮೊದಲು 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಆಮೇಲೆ 800, ಪ್ಲಾಸ್ಟಿಕ್ ಪ್ರೈಮರ್, ಬಣ್ಣ, ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಲೇಪ. ಪ್ಲಾಸ್ಟಿಕ್ ಪ್ರೈಮರ್ ಬಿಟ್ಟರೆ ಬಣ್ಣ ಮುಂದೆ ಹಾಳೆ ಹಾಳೆಯಾಗಿ ಏಳುತ್ತದೆ. 1,500 ರೂಪಾಯಿ ತಗೊಂಡರು. ಈ ಇಡೀ ಕೆಲಸದಲ್ಲಿ ಒಂದೂ ತಪ್ಪಿಲ್ಲದೆ ಆದ ಭಾಗ ಅದೊಂದೇ, ಯಾಕಂದರೆ ಅದನ್ನು ಮಾಡಿದ್ದು ನಾನಲ್ಲ.

ಈಗ ನನ್ನ ದಡ್ಡತನಕ್ಕೆ ಬರೋಣ. ಜುಲೈ ತಿಂಗಳು. ಹೊರಗೆ ಜಿಟಿಜಿಟಿ ಮಳೆ, ಗಾಳಿಯಲ್ಲೇ ನೀರು. ನನಗೆ ತಡೆಯಲಿಲ್ಲ. ಪೋರ್ಚಿನಲ್ಲಿ ಕಾರು ನಿಲ್ಲಿಸಿ, ಡಿಕ್ಕಿಯನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಜೊತೆಗೆ ಬಂದ ಟೇಪಿನಲ್ಲೇ ಅಂಟಿಸಿಬಿಟ್ಟೆ. ಕೈಯಲ್ಲಿ ಒತ್ತಿದೆ. ಭದ್ರ ಅನಿಸಿತು. ಎರಡನೇ ದಿನ ಕೆಲಸದ ಮೇಲೆ ಧಾರವಾಡಕ್ಕೆ ಹೊರಟೆ. ಹಿರೇಬಾಗೇವಾಡಿ ಟೋಲ್ ದಾಟಿ ಸ್ವಲ್ಪ ವೇಗ ಹಿಡಿದಾಗ ಹಿಂದಿನಿಂದ ಕೊಳಲಿನಂತಹ ಸದ್ದು. ಕಿಟಕಿ ಸರಿ ಮುಚ್ಚಿಲ್ಲ ಅಂದುಕೊಂಡೆ. ಸದ್ದು ಹೋಗಿ ಟಪಟಪ ಅಂತ ಶುರುವಾದಾಗ ಗಾಡಿ ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ ಎಡ ಮೂಲೆ, ಅದೇ ಎಡ ಮೂಲೆ, ಒಂದು ಗೇಣು ಎದ್ದು ಕೂತಿದೆ. ಹಿಂದೆ ಬೈಕಿನವರು ಬರುತ್ತಿದ್ದರೆ, ಅದು ಪೂರ್ತಿ ಕಿತ್ತು ಹಾರಿದ್ದರೆ? ಬೆವರು ಬಂತು. ಡಿಕ್ಕಿಯಲ್ಲಿದ್ದ ಸುತ್ತಳಿಯಲ್ಲಿ ಬಿಗಿದು, ನಿಧಾನಕ್ಕೆ ಮನೆಗೆ ಬಂದೆ.

ಬಿಚ್ಚಿದ್ದು ಹೀಗೆ: ಹೇರ್ ಡ್ರೈಯರಿನಲ್ಲಿ ಟೇಪಿನ ಗೆರೆ ಬಿಸಿ ಮಾಡಿ, ಮೀನು ಹಿಡಿಯುವ ಗಾಳದ ನೈಲಾನ್ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು ಗರಗಸದ ಹಾಗೆ ಎಳೆಯುತ್ತಾ ಹೋದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಡಿಕ್ಕಿ ಬಣ್ಣ ಹೋಗುತ್ತದೆ. ಉಳಿದ ಅಂಟನ್ನು ಬೆರಳಿನಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದೆ, ಕೊನೆಗೆ ಸ್ವಲ್ಪ ಸೀಮೆಎಣ್ಣೆ. ಆಗ ಟೇಪ್ ನೋಡಿದೆ, ಬರೀ ಬಿಳಿ ಸ್ಪಂಜು. ಫೋಟೋ ಫ್ರೇಮ್ ಗೋಡೆಗೆ ಹಚ್ಚುವ ಟೇಪ್. ಕಳಿಸಿದವರನ್ನು ಬೈದೆ, ಅದನ್ನೇ ನಂಬಿದ ನನ್ನನ್ನೂ ಬೈದುಕೊಂಡೆ.

ಮಳೆಗಾಲ ಮುಗಿಯಲಿ ಅಂತ ಕಾದೆ. ಹಾಗೇ ಚಳಿಯೂ ಕಳೆಯಿತು. ಮಾರ್ಚಿನಲ್ಲಿ ಎರಡನೇ ಸಲ ಕೂತೆ. ಈ ಸಲ ಟೇಪ್ ತ್ರೀಎಮ್ ಕಂಪನಿಯ ವಿಎಚ್‌ಬಿ, ಸ್ಪಂಜಲ್ಲ, ಒಳಗೆಲ್ಲ ಅಂಟೇ ಇರುವ ಅಕ್ರಿಲಿಕ್ ಫೋಮ್. ಇದಕ್ಕೆ 21ರಿಂದ 38 ಡಿಗ್ರಿ ಒಳಗಿನ ಹವೆ ಒಳ್ಳೆಯದು. ಬೆಳಗ್ಗೆ ಹನ್ನೊಂದಕ್ಕೆ, ನೆರಳಿನಲ್ಲಿ. ನೀವು ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಇದ್ದು ಏಪ್ರಿಲಿನಲ್ಲಿ ಮಾಡುವುದಾದರೆ ಸೂರ್ಯ ಏಳುವಾಗಲೇ ಮುಗಿಸಿ, ಮಧ್ಯಾಹ್ನ ಆ ತಗಡಿನ ಮೇಲೆ ರೊಟ್ಟಿ ಬೇಯುತ್ತದೆ. ಡಿಕ್ಕಿಯನ್ನು ಶಾಂಪೂ ಹಾಕಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ನೀರು ಅರ್ಧ ಬೆರೆಸಿ ಎರಡು ಸಲ ಒರೆಸಿದೆ. ಮೊದಲನೇ ಬಟ್ಟೆಯಲ್ಲಿ ಬಂದ ವ್ಯಾಕ್ಸ್ ಕೊಳೆ ನೋಡಿದಾಗಲೇ ಜುಲೈನಲ್ಲಿ ಯಾಕೆ ಕಿತ್ತಿತು ಅಂತ ಗೊತ್ತಾಯಿತು. ಪ್ಲಾಸ್ಟಿಕ್ ಕಡೆ ತ್ರೀಎಮ್‌ನದೇ 94 ನಂಬರಿನ ಪ್ರೈಮರ್ (ಟೇಪ್ ಗಟ್ಟಿಯಾಗಿ ಹಿಡಿಯಲು ಹಚ್ಚುವ ದ್ರವ) ತೆಳ್ಳಗೆ ಸವರಿದೆ.

ಅಳತೆಗೆ ಮೊದಲು ಅವ್ವನ ಹೊಲಿಗೆ ಟೇಪ್ ತಗೊಂಡಿದ್ದೆ. ಅದು ಹಳೇದಾಗಿ ಜಗ್ಗಿದೆ, ಎಡಕ್ಕೂ ಬಲಕ್ಕೂ 3 ಮಿಲಿಮೀಟರ್ ವ್ಯತ್ಯಾಸ ತೋರಿಸಿತು. ಉಕ್ಕಿನ ಟೇಪ್ ತಂದು ಮತ್ತೆ ಅಳೆದು, ಡಿಕ್ಕಿಯ ನಡುಗೆರೆಗೂ ಎರಡು ತುದಿಗಳಿಗೂ ಮಾಸ್ಕಿಂಗ್ ಟೇಪ್ ಹಚ್ಚಿ ಪೆನ್ಸಿಲ್ ಗುರುತು ಹಾಕಿದೆ. ಇನ್ನೊಂದು ಉಪಾಯ ಪೇಂಟರ್ ಕಾಕಾ ಹೇಳಿಕೊಟ್ಟಿದ್ದು: ಟೇಪಿನ ಕೆಂಪು ಹಾಳೆಯನ್ನು ಪೂರ್ತಿ ತೆಗೆಯಬಾರದು. ಎರಡು ತುದಿಯಲ್ಲಿ ಒಂದೊಂದು ಇಂಚು ಸುಲಿದು, ಹೊರಕ್ಕೆ ಮಡಚಿ ಬಾಲ ಬಿಡಬೇಕು. ಸ್ಪಾಯ್ಲರನ್ನು ಗುರುತಿಗೆ ಕೂರಿಸಿ, ದೂರ ನಿಂತು ನೋಡಿ, ಸರಿ ಅನಿಸಿದ ಮೇಲೆ ಆ ಬಾಲ ಹಿಡಿದು ಒಳಗಿನ ಹಾಳೆ ಎಳೆದುಕೊಳ್ಳುತ್ತಾ ಒತ್ತುತ್ತಾ ಹೋಗಬೇಕು. ಈ ಟೇಪ್ ಒಮ್ಮೆ ಕಚ್ಚಿದರೆ ಸರಿಸಲು ಬಿಡುವುದಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ತಮ್ಮ. ಲಟ್ಟಣಿಗೆಗೆ ಟವೆಲ್ ಸುತ್ತಿ ಉದ್ದಕ್ಕೂ ಒತ್ತಿದೆವು, ಅದಕ್ಕೆ ಅವ್ವ ಬೈದಿದ್ದು ಬೇರೆ ಲೆಕ್ಕ. ಆಮೇಲೆ ಮಾಸ್ಕಿಂಗ್ ಟೇಪಿನಿಂದ ಬಿಗಿದು ಕಾರನ್ನು 72 ಗಂಟೆ ಮುಟ್ಟಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಸುಮಾರು ಅರ್ಧ ಬಲ, ಒಂದು ದಿನದಲ್ಲಿ ಶೇ 90, ಪೂರ್ತಿ ಬಲಕ್ಕೆ ಮೂರು ದಿನ ಬೇಕು. ಜುಲೈನಲ್ಲಿ ನಾನು ಎರಡನೇ ದಿನಕ್ಕೇ ಹೆದ್ದಾರಿ ಹತ್ತಿದ್ದೆ!

ಟೇಪ್, ಪ್ರೈಮರ್, ಆಲ್ಕೋಹಾಲ್ ಎಲ್ಲ ಸೇರಿ ಸಾವಿರದ ಹತ್ತಿರ ಆಯಿತು. ಒಟ್ಟು ಖರ್ಚು 4,300. ಸ್ಪಾಯ್ಲರಿನಲ್ಲಿ ಉಳಿಸಿ, ಟೇಪಿನಲ್ಲಿ ಉಳಿಸಬೇಡಿ. ಆದಮೇಲೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೂ ಹೋಗಿ ಬಂದೆ, ಎರಡು ಮಳೆಗಾಲವೂ ಕಳೆದವು, ಸದ್ದಿಲ್ಲ. ಎಡ ಮೂಲೆಯ ಆ 1 ಮಿಲಿಮೀಟರ್ ಸಂದಿನಲ್ಲಿ ವ್ಯಾಕ್ಸ್ ಸೇರಿ ಬೆಳ್ಳಗೆ ಗೆರೆ ಕೂರುತ್ತದೆ, ಹಳೇ ಟೂತ್ ಬ್ರಷ್ ಹಾಕಿ ತೆಗೆಯುತ್ತೇನೆ. ವಾಶಿಂಗ್ ಸೆಂಟರಿಗೆ ಹೋದಾಗ ಮಾತ್ರ ಪಕ್ಕದಲ್ಲೇ ನಿಂತಿರುತ್ತೇನೆ, ಹುಡುಗರು ಪ್ರೆಷರ್ ಪೈಪನ್ನು ನೇರ ಆ ಸಂದಿಗೇ ಹಿಡಿಯುತ್ತಾರೆ.