ಕೆರೆಯ ಹೂಳು ಹಿಡಿದಿಟ್ಟದ್ದರಲ್ಲಿ ಎಷ್ಟನ್ನು ಬಿಡುತ್ತದೆ: ಅಳೆಯುವ ಕ್ರಮ

ಬೆಳ್ಳಂದೂರಿನಂತೆ ದಶಕಗಳ ಕಾಲ ನಗರದ ಕೊಳಚೆ ನೀರು ಸೇರಿದ ಕೆರೆಯ ಹೂಳಿನಲ್ಲಿ ಒಟ್ಟು ಎಷ್ಟು ಮಾಲಿನ್ಯವಿದೆ ಎಂಬುದು ಅರ್ಧ ಮಾಹಿತಿ ಮಾತ್ರ. ಹೂಳು ಕದಡಿದಾಗ ನೀರಿಗೆ ಸೇರುವುದು ಅದರ ಒಂದು ಪಾಲಷ್ಟೇ ಆದ್ದರಿಂದ, ಅಂಟುವಿಕೆಯನ್ನೂ ಬಿಡುಗಡೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ಡೀಸೆಲ್ ಹೊಗೆಯಲ್ಲಿರುವ ಫೆನಾಂಥ್ರೀನ್ ಎಂಬ ಮಾಲಿನ್ಯಕಾರಕವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹೂಳನ್ನು ಹಸಿಯಾಗಿಯೇ 2 ಮಿ.ಮೀ. ಜರಡಿಯಲ್ಲಿ ಸೋಸಿ, ಗಾಜಿನ ಜಾಡಿಯಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಒಲೆಯಲ್ಲಿ ಒಣಗಿಸಿದರೆ ಅದರ ಸಾವಯವ ಅಂಶದ ಗುಣವೇ ಬದಲಾಗುತ್ತದೆ. ತೇವಾಂಶ, ಸಾವಯವ ಇಂಗಾಲ ಮತ್ತು ಮೊದಲೇ ಇರುವ ಫೆನಾಂಥ್ರೀನ್, ಈ ಮೂರನ್ನೂ ಅಳೆದಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಹೂಳು ಮತ್ತು ನೀರಿನ ಪ್ರಮಾಣದಲ್ಲಿ. ಫೆನಾಂಥ್ರೀನ್ ಮುಖ್ಯವಾಗಿ ಸಾವಯವ ಇಂಗಾಲಕ್ಕೆ ಅಂಟುತ್ತದೆ; ಇಂಗಾಲದ ಪ್ರತಿ ಕಿಲೋಗೆ ಹಂಚಿಕೆ ಗುಣಾಂಕ (ಅಂಟಿದ ಸಾಂದ್ರತೆಗೂ ನೀರಿನಲ್ಲಿ ಉಳಿದ ಸಾಂದ್ರತೆಗೂ ಇರುವ ಅನುಪಾತ) ಸುಮಾರು 20,000 ಲೀಟರ್ ಎಂದಿಟ್ಟುಕೊಂಡರೆ, ಶೇ. 3 ಇಂಗಾಲವಿರುವ ಹೂಳಿಗೆ ಅದು ಕಿಲೋಗೆ 600 ಲೀಟರ್ ಆಗುತ್ತದೆ. 40 ಮಿ.ಲೀ. ನೀರಿಗೆ 1 ಗ್ರಾಂ ಒಣತೂಕದ ಹೂಳು ಹಾಕಿದರೆ ಶೇ. 94ರಷ್ಟು ಅಂಟಿಕೊಂಡು, ನೀರಿನಲ್ಲಿ ಅಳೆಯಲು ಹೆಚ್ಚೇನೂ ಉಳಿಯುವುದಿಲ್ಲ. 0.1 ಗ್ರಾಂ ಹಾಕಿದರೆ ಶೇ. 60ರಷ್ಟು ಅಂಟುತ್ತದೆ, ಲೆಕ್ಕಕ್ಕೆ ಇದೇ ಅನುಕೂಲ.

0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ, ಸೂಕ್ಷ್ಮಾಣುಗಳನ್ನು ತಡೆಯಲು ಸ್ವಲ್ಪ ಸೋಡಿಯಂ ಅಜೈಡ್ ಬೆರೆಸಿ. (ಇದು ಕಡುವಿಷ; ಲೋಹದ ಕೊಳವೆಯಿರುವ ಸಿಂಕಿಗೆ ಸುರಿದರೆ ಸ್ಫೋಟಕ ಸಂಯುಕ್ತಗಳು ಉಂಟಾಗಬಹುದು.) ಫೆನಾಂಥ್ರೀನ್ ನೀರಿನಲ್ಲಿ ಲೀಟರಿಗೆ ಸುಮಾರು 1 ಮಿ.ಗ್ರಾಂ ಮಾತ್ರ ಕರಗುವುದರಿಂದ, ಈ ದ್ರಾವಣಕ್ಕೆ ಬೆರೆಸುವ ಫೆನಾಂಥ್ರೀನ್‌ನ ಆರಂಭದ ಸಾಂದ್ರತೆ ಅದರ ಅರ್ಧ ದಾಟದಿರಲಿ. ಪ್ಲಾಸ್ಟಿಕ್ ತಾನೇ ಹೀರಿಕೊಳ್ಳುವುದರಿಂದ ಟೆಫ್ಲಾನ್ ಪದರದ ಮುಚ್ಚಳವಿರುವ ಗಾಜಿನ ನಳಿಕೆಯನ್ನೇ ಬಳಸಿ, ಬೆಳಕು ತಾಗದಂತೆ ಸುತ್ತಿ, ನೀರಿನ ಸಾಂದ್ರತೆ ಸ್ಥಿರವಾಗುವವರೆಗೆ ಅಲುಗಾಡಿಸಿ. ಹೂಳಿಲ್ಲದ ನಳಿಕೆಯೊಂದು ಜೊತೆಗಿರಲಿ. ಗಾಜಿಗೆ ಅಂಟಿದ್ದು ಅಲ್ಲಿ ಗೊತ್ತಾಗುತ್ತದೆ. ನಂತರ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ನೀರು ಮತ್ತು ಹೂಳು ಎರಡನ್ನೂ ಅಳೆಯಿರಿ.

ಬಿಡುಗಡೆಯನ್ನು ಅಳೆಯಲು ಆ ಹೂಳಿಗೆ ಬರೀ ಹೊಸ ನೀರು ಹಾಕಿದರೆ ಸಾಲದು, ಏಕೆಂದರೆ ಅಲ್ಪ ಬಿಡುಗಡೆಯಾದೊಡನೆ ಸಮತೋಲ ಬಂದು ನಿಂತುಬಿಡುತ್ತದೆ. ನೀರಿಗೆ ಬಂದದ್ದನ್ನು ಕೂಡಲೇ ಹೀರುವ ಟೆನಾಕ್ಸ್ ಮಣಿಗಳನ್ನು ಹಾಕಿ, 6 ಗಂಟೆ, 24 ಗಂಟೆ, ಬಳಿಕ ಕೆಲವು ದಿನಗಳಿಗೊಮ್ಮೆ ಬದಲಿಸಿ. ಮೊದಲ 6 ಗಂಟೆಯಲ್ಲಿ ಸಿಕ್ಕಿದ್ದು ಬೇಗ ಬಿಡುವ ಪಾಲಿನ ಸೂಚಕ. ಮಸಿಯ ಕಣಗಳಲ್ಲಿ ಸಿಕ್ಕಿಬಿದ್ದದ್ದು ತಿಂಗಳುಗಟ್ಟಲೆ ಹೊರಬರದೇ ಇರಬಹುದು.

ಇದೇ ಮಣಿಗಳ ಪರೀಕ್ಷೆಯನ್ನು ಏನನ್ನೂ ಬೆರೆಸದ ಹೂಳಿನ ಮೇಲೂ ತಪ್ಪದೆ ಮಾಡಬೇಕು. ಹೊಸದಾಗಿ ಬೆರೆಸಿದ ಫೆನಾಂಥ್ರೀನ್ ಸುಲಭವಾಗಿ ಬಿಡುತ್ತದೆ, ವರ್ಷಗಟ್ಟಲೆ ಹೂಳಿನಲ್ಲಿದ್ದದ್ದು ಹಾಗೆ ಬಿಡುವುದಿಲ್ಲ. ಕೆರೆಯ ವರದಿಗೆ ಬಳಸಬೇಕಾದದ್ದು ಏನನ್ನೂ ಬೆರೆಸದ ಹೂಳಿನ ಈ ಅಂಕಿಯನ್ನೇ.